ಬರ್ಲಿನ್ ಲೋಕಲ್ ಮತ್ತು ಪುಟ್ಟಗೌರಮ್ಮನ ಡಬ್ಬಿಗಳು

"ನಾವು ರೈಲಿನ ಹತ್ರ ಹೋಗೋದೇನು ಬಂತು? ರೈಲೇ ನಮ್ಮ ಮನೆಗೆ ಬರಲಿ!"

ವಯನಾಡಿನ ಕಾಟ್ಟಿಕುಳದ ಜವಳಿ ಅಂಗಡಿ ಗುರುಮಲ್ಲಪ್ಪ ಈ ಘೋಷಣೆ ಮಾಡಿದ್ದು ಊಟದ ತಟ್ಟೆಯ ಮುಂದೆ, ಮುರಿದ ಮುದ್ದೆಯ ತುಂಡನ್ನು ಆಕಾಶಕ್ಕೆ ಎತ್ತಿ ಹಿಡಿದು. ಬಡಿಸುತ್ತಿದ್ದ ಪುಟ್ಟಗೌರಮ್ಮ ಸೌಟನ್ನು ಹಾಗೇ ಹಿಡಿದು ನಿಂತಳು. ಅವಳು ಕೇಳಿದ್ದು ಬಹಳ ಸಣ್ಣ ಮಾತು. ಅರಸೀಕೆರೆಯಲ್ಲಿರುವ ತಂಗಿ ಇಂದ್ರಮ್ಮನ ಮಗಳಿಗೆ ಹೆರಿಗೆಯಾಗಿತ್ತು. ತೊಟ್ಟಿಲಿಗೆ ಹಾಕುವ ದಿನಕ್ಕೆ ತಾನು ಹೋಗಬೇಕು. ಬಸ್ಸಿನಲ್ಲಿ ಗಡಿಯ ಬಾವಲಿ ದಾಟಿ ಮೈಸೂರು, ಮೈಸೂರಿನಿಂದ ರೈಲು.

ಆ ರೈಲಿನ ಮೇಲೆ ಅವಳಿಗೆ ಕಣ್ಣಿದ್ದದ್ದು ಇಂದು ನಿನ್ನೆಯಿಂದಲ್ಲ. ಹೆಣ್ಣು ನೋಡಲು ಬಂದಾಗ ಗುರುಮಲ್ಲಪ್ಪ, "ಮದುವೆಯಾಗಿ ತಿಂಗಳೊಳಗೆ ರೈಲು ಹತ್ತಿಸ್ತೀನಿ" ಎಂದು ಅವಳ ತವರು ಗುಂಡ್ಲುಪೇಟೆಯೆಲ್ಲ ಕೇಳುವಂತೆ ಹೇಳಿದ್ದ. ಆ ತಿಂಗಳು ಇಪ್ಪತ್ತು ವರ್ಷದಿಂದ ಮುಗಿದಿರಲಿಲ್ಲ! ಮೊದಲು ಅಂಗಡಿ ಹೊಸದು, ಬಿಟ್ಟು ಬರಲಾಗದು. ಆಮೇಲೆ ಮಗಳು ಚಿಕ್ಕವಳು. ಆಮೇಲೆ ಮಗಳು ದೊಡ್ಡವಳು. ಮಗಳು ಮದುವೆಯಾಗಿ ಹೊರಟ ಮೇಲೆ ನೆಪಗಳೇ ಉಳಿದಿರಲಿಲ್ಲ. ಅಷ್ಟರಲ್ಲಿ ಅವನ ಪುಣ್ಯಕ್ಕೆ ನಕ್ಸಲರು ಬಂದರು.

"ಕಾಲ ಸರಿಯಿಲ್ಲ ಕಣೆ ಗೌರಿ. ಪುಲ್ಪಳ್ಳಿಯಲ್ಲಿ ಪೊಲೀಸ್ ಕ್ಯಾಂಪಿಗೇ ನುಗ್ಗಿದ್ರು, ಗೊತ್ತಲ್ಲ? ತಿರುನೆಲ್ಲಿ ಕಾಡು ತುಂಬ ಪೊಲೀಸು. ಆ ನಕ್ಸಲರು ಹುಡುಕ್ತಾ ಇರೋದೇ ನನ್ನಂಥ ಸಾಹುಕಾರರನ್ನ!"

"ನಿಮ್ಮನ್ನಾ? ನಿಮಗಿರೋದು ಒಂದು ಅಂಗಡಿ, ಅಂಗಳದಲ್ಲಿ ನಾಲ್ಕು ಮೆಣಸಿನ ಬಳ್ಳಿ. ಅವರು ಬಂದ್ರೂ ನಿಮ್ಮ ಅಂಗಡಿ ನೋಡಿ, ಅಯ್ಯೋ ಪಾಪ ಅಂತ ನಿಮಗೇ ಒಂದು ಪಂಚೆ ಕೊಟ್ಟು ಹೋಗ್ತಾರೆ."

"ಅದಿರಲಿ," ಎಂದ ಗುರುಮಲ್ಲಪ್ಪ, ಮುದ್ದೆ ನುಂಗಿ. "ನೀನು ಹೋದ್ರೆ ಅಡುಗೆ?"

ಎರಡು ಸರಕಾರ, ಮೂರು ಜಿಲ್ಲೆಯ ಪೊಲೀಸು, ಕಾಡಿನ ಕ್ರಾಂತಿ, ಎಲ್ಲವೂ ಕೊನೆಗೆ ಬಂದು ನಿಲ್ಲುತ್ತಿದ್ದದ್ದು ಈ ಒಂದು ಪ್ರಶ್ನೆಯ ಮುಂದೆ.

ಆದರೆ ರೈಲೇ ಮನೆಗೆ ಬರಲಿ ಎಂದು ಅವನು ಹೇಳಿದ್ದು ಬರೀ ಬಾಯಿಮಾತಿಗಲ್ಲ. ತಲಚೇರಿಯಿಂದ ಮೈಸೂರಿಗೆ ವಯನಾಡಿನ ಮೇಲೆ ರೈಲು ಹಾಕುತ್ತೇವೆಂದು ಬಿಳಿಯರ ಕಾಲದಿಂದಲೂ ಮಾತು ನಡೆಯುತ್ತಲೇ ಇತ್ತು. ಮಾತಾಡಿದವರು ಸತ್ತರು, ಕೇಳಿದವರೂ ಸತ್ತರು, ಕಂಬಿ ಮಾತ್ರ ಬರಲಿಲ್ಲ. ಸರಕಾರದ ಕೈಯಲ್ಲಾಗದ ಆ ಕೆಲಸವನ್ನು ಗುರುಮಲ್ಲಪ್ಪ ಮಾಡಿ ತೋರಿಸುವವನಿದ್ದ! ಯಾಕೆಂದರೆ ಹಿಂದಿನ ವಾರ, ಗಲಾಟೆಗೆ ಹೆದರಿ ಬಂಗಲೆ ಖಾಲಿ ಮಾಡಿಕೊಂಡು ಹೊರಟ ಎಸ್ಟೇಟಿನ ದೊರೆಯೊಬ್ಬ ಸಾಮಾನನ್ನೆಲ್ಲ ಬಂದಷ್ಟಕ್ಕೆ ಮಾರಿದ್ದ. ಪುಟ್ಟಗೌರಮ್ಮ ಗಂಡನನ್ನು ಅಲ್ಲಿಗೆ ಕಳಿಸಿದ್ದು ಹೊಲಿಗೆ ಮೆಷಿನ್ ತರಲು. ಅವನು ತಂದದ್ದು ಒಂದು ಮರದ ಪೆಟ್ಟಿಗೆ. ಒಳಗೆ ಕೀಲಿ ಕೊಟ್ಟರೆ ಓಡುವ ಮೊಳದುದ್ದದ ಒಂದು ಎಂಜಿನ್ನು, ದುಂಡಗೆ ಜೋಡಿಸುವ ಕಂಬಿಗಳು, ಮತ್ತು ಆ ದೊರೆಯ ಜರ್ಮನ್ ಹೆಂಡತಿಯ ಕಾಲದ ಒಂದು ಚಿತ್ರಪುಸ್ತಕ.

ಆ ಪುಸ್ತಕ ಗುರುಮಲ್ಲಪ್ಪನ ತಲೆ ಕೆಡಿಸಿತು. ಮಹಾಯುದ್ಧಕ್ಕೂ ಮುಂಚಿನ ಬರ್ಲಿನ್ ಪಟ್ಟಣ. ಬೆಳಿಗ್ಗೆ ಆಫೀಸಿಗೆ ಹೋಗುವವರನ್ನು ಒಯ್ದು ಸಂಜೆ ತಂದುಬಿಡುವ ಲೋಕಲ್ ರೈಲು. ಕೆಳಗರ್ಧ ಕೆಂಪು, ಮೇಲರ್ಧ ಹಳದಿ! ಎರಡನೇ ದರ್ಜೆ, ಮೂರನೇ ದರ್ಜೆ, ಬೀಡಿ ಸೇದುವವರಿಗೆ ಬೇರೆ, ಸೇದದವರಿಗೆ ಬೇರೆ. ಬಾಗಿಲು ತಾನಾಗಿ ಮುಚ್ಚಿಕೊಳ್ಳುತ್ತಿತ್ತಂತೆ! ಮಾನಂದವಾಡಿಯ ಬಸ್ಸಿಗೆ ಬಾಗಿಲೇ ಇಲ್ಲದಿದ್ದ ಕಾಲದಲ್ಲಿ ಇದನ್ನು ನೋಡಿ ಯಾರು ತಾನೆ ಸುಮ್ಮನಿದ್ದಾರು?

ಒಂದೇ ಒಂದು ಕೊರತೆ. ಪೆಟ್ಟಿಗೆಯಲ್ಲಿ ಎಂಜಿನ್ನಿತ್ತು, ಬೋಗಿಗಳಿರಲಿಲ್ಲ.

"ಬೋಗಿ ನಾನೇ ಮಾಡ್ತೀನಿ," ಎಂದ ಗುರುಮಲ್ಲಪ್ಪ. "ಆರು ಬೋಗಿ. ಚಿತ್ರದಲ್ಲಿ ಹೇಗಿದೆಯೋ ಹಾಗೇ. ಒಂದು ಕೂದಲು ಆಚೀಚೆ ಆಗಬಾರದು!"

"ಯಾವುದರಲ್ಲಿ ಮಾಡ್ತೀರಿ?"

ಅದಕ್ಕೆ ಉತ್ತರ ಪುಟ್ಟಗೌರಮ್ಮನಿಗೆ ಮರುದಿನ ಅಡುಗೆಮನೆಯಲ್ಲಿ ಸಿಕ್ಕಿತು. ಕಾಫಿಪುಡಿಯ ಡಬ್ಬಿ ಇರಲಿಲ್ಲ. ಸಾರಿನಪುಡಿಯದು, ಖಾರದಪುಡಿಯದು, ಅರಿಶಿನದ್ದು, ಹುರಿಹಿಟ್ಟಿನದು, ಕೊನೆಗೆ ತುಳಸಿಕಟ್ಟೆಗೆ ಬಳಿಯುವ ಕೆಮ್ಮಣ್ಣಿನದು ಕೂಡ ಇರಲಿಲ್ಲ. ಅವುಗಳ ಜಾಗದಲ್ಲಿ ಪೇಪರಿನ ಪೊಟ್ಟಣಗಳು ಸಾಲಾಗಿ, ಗಂಟುಮೂತಿ ಹಾಕಿಕೊಂಡು ಕೂತಿದ್ದವು.

"ಯಾವ ಪೊಟ್ಟಣದಲ್ಲಿ ಯಾವ ಪುಡಿ?"

"ಎಲ್ಲ ನನ್ನ ತಲೆಯಲ್ಲಿದೆ!"

"ತಲೆಯಲ್ಲಿರೋದನ್ನ ಸಾರಿಗೆ ಹಾಕೋಕಾಗಲ್ಲ," ಎಂದಳು ಪುಟ್ಟಗೌರಮ್ಮ. ಅವಳಿಗೇನೋ ಮೂಸಿದರೆ ಗೊತ್ತಾಗುತ್ತಿತ್ತು. ಗುರುಮಲ್ಲಪ್ಪನ ಕಥೆ ಬೇರೆ. ಹದಿನಾರನೇ ವಯಸ್ಸಿನಿಂದ ನಶ್ಯ ಏರಿಸುತ್ತ ಬಂದಿದ್ದ ಆ ಮೂಗು, ಕನ್ನಡಕ ಕೂರಿಸಲು ಬಿಟ್ಟರೆ ಬೇರೆ ಯಾವ ಉಪಯೋಗಕ್ಕೂ ಬರುತ್ತಿರಲಿಲ್ಲ. ಹಾಲು ಸೀದು ಊರೆಲ್ಲ ನಾರಿದರೂ ಅವನು "ಏನೋ ಹೊಗೆ ಕಾಣ್ತಾ ಇದೆಯಲ್ಲ" ಎನ್ನುವ ಪೈಕಿ.

ಹಿಂದಿನ ಕೋಣೆ ಬರ್ಲಿನ್ನಾಯಿತು. ಬೆಳಿಗ್ಗೆಯಿಂದ ತಗಡು ಕತ್ತರಿಸುವ ಸದ್ದು: ಕರಕ್, ಕರಕ್! ಮಧ್ಯಾಹ್ನ ಎಂಜಿನ್ನಿಗೆ ಕೀಲಿ ಕೊಟ್ಟು ಪರೀಕ್ಷೆ: ಕಿರ್ರ್… ಟಕ ಟಕ ಟಕ! ಅಂಗಡಿಯಲ್ಲಿ ಗಿರಾಕಿಗಳು ಕೂಗಿ ಕೂಗಿ ಎದುರಿನ ಅಂಗಡಿಗೆ ಹೋದರು. ಬೋಗಿಗಳ ಗಾಲಿಗೆ ಪುಟ್ಟಗೌರಮ್ಮನ ದಾರದ ರೀಲುಗಳನ್ನು ಕೊಯ್ದದ್ದಾಯಿತು. ಅಚ್ಚಿಗೆ ಅವಳ ಪಿನ್ನುಗಳು. ಕಿಟಕಿಗೆ ಅವಳ ಮದುವೆಯ ಫೋಟೋದ ಮೇಲಿದ್ದ ಬೆಣ್ಣೆಕಾಗದ. ಪ್ರಯಾಣಿಕರೂ ಬೇಕಲ್ಲ? ಗುಂಡ್ಲುಪೇಟೆಯಿಂದ ಬಂದಿದ್ದ ಚೀಲದಿಂದ ಸೊಂಟವುಳ್ಳ ಒಳ್ಳೊಳ್ಳೆಯ ಕಡಲೆಕಾಯಿಗಳನ್ನು ಆರಿಸಿ, ಶಾಯಿಯಲ್ಲಿ ಟೋಪಿ ಬರೆದು, ಮೀಸೆ ಇಟ್ಟು, ಟೈ ಕಟ್ಟಿ, ಸಾಲು ಸಾಲಾಗಿ ಕೂರಿಸಿದ. ನೋಡಲು, ನಿಜ ಹೇಳಬೇಕೆಂದರೆ, ಬಹಳ ಗಂಭೀರವಾಗಿದ್ದರು.

ಅಂಗಳ ಗುಡಿಸಲು ಬಂದಿದ್ದ ಕೆಂಪಿ ಕೋಣೆಯೊಳಗೆ ಇಣುಕಿದಳು. ಪ್ರತಿ ವರ್ಷ ವಳ್ಳಿಯೂರುಕಾವಿನ ದೇವಿಯ ಜಾತ್ರೆಯಲ್ಲಿ ಜಮೀನುದಾರರ ಕೈಯಿಂದ ಮುಂಗಡ ಹಿಡಿದವರು ವರ್ಷಪೂರ್ತಿ ಅವರ ಗದ್ದೆಗೆ ಕಟ್ಟುಬೀಳಬೇಕು. ಈ ಸಲ ಕೆಂಪಿಯೂ ಅವಳ ಹಾಡಿಯ ಹೆಂಗಸರೂ ಕೈ ಚಾಚಿರಲಿಲ್ಲ. ಆವತ್ತಿನ ಕೂಲಿ ಆವತ್ತೇ ಎಂದು ನಿಂತಿದ್ದರು. ಊರಿನ ಗದ್ದೆಯವರೆಲ್ಲ ಇದನ್ನು ನಕ್ಸಲರ ಕೈವಾಡ ಎನ್ನುತ್ತಿದ್ದರು. ಕೆಂಪಿ ಮಾತ್ರ, "ನಮ್ಮ ಕೈ, ನಾವು ಮಡಚಿಕೊಂಡ್ವಿ" ಎನ್ನುತ್ತಿದ್ದಳು.

"ಮೊದಲಾಳಿ," ಎಂದಳು, ಅಂಗಡಿಯವರನ್ನೆಲ್ಲ ಅಲ್ಲಿ ಕರೆಯುವಂತೆ. "ಇವರೆಲ್ಲ ಎಲ್ಲಿಗೆ ಹೊರಟವ್ರೆ?"

"ಆಫೀಸಿಗೆ!"

"ಹೆಂಗಸ್ರು ಒಬ್ಬರೂ ಇಲ್ವಲ್ಲ?"

"ಆಫೀಸು ರೈಲು ಕೆಂಪೀ, ಆಫೀಸು ರೈಲು! ಹೆಂಗಸರಿಗೆ ಇದರಲ್ಲೇನು ಕೆಲಸ?"

ಕೆಂಪಿ ಬಾಗಿಲಲ್ಲಿ ನಿಂತಿದ್ದ ಪುಟ್ಟಗೌರಮ್ಮನ ಮುಖ ನೋಡಿದಳು. ಪುಟ್ಟಗೌರಮ್ಮ ಬೋಗಿಯೊಳಗಿನ ಮಹನೀಯರನ್ನು ನೋಡಿದಳು.

"ಇಷ್ಟು ಬೆಳಿಗ್ಗೆ ಇವರಿಗೆಲ್ಲ ತಿಂಡಿ ಮಾಡಿಕೊಟ್ಟವರು ಯಾರೂ ಅಂತ?" ಎಂದಳು.

"ಅದೆಲ್ಲ ಬರ್ಲಿನ್ನಿನವರಿಗೆ ಗೊತ್ತಿರುತ್ತೆ ಕಣೆ! ಮುಂದುವರಿದ ಜನ!"

ಬಣ್ಣದ ಪ್ರಶ್ನೆ ಬಂದಾಗ ಗುರುಮಲ್ಲಪ್ಪ ಮಾನಂದವಾಡಿಗೆ ಹೋದ. ಬಣ್ಣದಂಗಡಿಯ ಮೆಟ್ಟಿಲು ಹತ್ತಿ, ಇಡೀ ಬೀದಿಗೆ ಕೇಳುವ ತನ್ನ ಜವಳಿ ವ್ಯಾಪಾರದ ಗಂಟಲಿನಲ್ಲಿ, "ಒಂದು ಡಬ್ಬಿ ಕೆಂಪು ಬಣ್ಣ ಕೊಡಪ್ಪಾ!" ಎಂದ.

ಬೀದಿಯಲ್ಲಿದ್ದವರೆಲ್ಲ ಗಕ್ಕನೆ ತಿರುಗಿ ನೋಡಿದರು. ಅಕ್ಕಿ ಗಿರಣಿಯ ಗೋಡೆಯ ಮೇಲೆ ಆಳೆತ್ತರದ ಕೆಂಪಕ್ಷರಗಳು ಮೂಡಿ ಇನ್ನೂ ವಾರವಾಗಿರಲಿಲ್ಲ. 'ಉಳುವವನಿಗೇ ಭೂಮಿ' ಎಂದು ಬರೆದವರನ್ನು ಪೊಲೀಸರು ಇನ್ನೂ ಹುಡುಕುತ್ತಿದ್ದರು.

"ಕೆಂಪಾ?" ಎಂದ ಅಂಗಡಿಯವನು, ಬಿಳುಚಿಕೊಂಡು. "ಎಂದಿನಾ?"

"ಯಾಕೆ ಅಂದ್ರೆ? ರೈಲಿಗೆ!"

"ವಯನಾಡಿನಲ್ಲಿ ರೈಲೆಲ್ಲಿದೆ?"

"ನಮ್ಮ ಮನೆ ಹಿಂದಿನ ಕೋಣೆಯಲ್ಲಿ!"

ಅಂಗಡಿಯವನು ದಡಕ್ಕನೆ ಬಾಗಿಲು ಹಾಕಿಕೊಂಡ. ಗುರುಮಲ್ಲಪ್ಪ ವ್ಯಾಪಾರ ಗೊತ್ತಿಲ್ಲದ ಜನ ಎಂದು ಬೈದುಕೊಂಡು ಬಸ್ಸು ಹತ್ತಿದ. ಅವನ ಬಸ್ಸು ಕಾಟ್ಟಿಕುಳ ಮುಟ್ಟುವ ಮೊದಲೇ ಆ ಸುದ್ದಿ ಪೊಲೀಸ್ ಕ್ಯಾಂಪು ಮುಟ್ಟಿತ್ತು.

ಮನೆಯಲ್ಲಿ ಬೇರೊಂದು ಬಾಂಬು ಕಾದಿತ್ತು. ಪುಟ್ಟಗೌರಮ್ಮ ಅಷ್ಟರಲ್ಲಿ ಗಟ್ಟಿ ಮನಸ್ಸು ಮಾಡಿ, ಅರಸೀಕೆರೆಗೆಂದು ಟ್ರಂಕು ತೆಗೆದಿದ್ದಳು. ರೇಷ್ಮೆಯ ಕುಪ್ಪಸ ತೆಗೆದರೆ ಅದಕ್ಕೆ ಹುಕ್ಕುಗಳಿಲ್ಲ. ಹಸಿರು ಕುಪ್ಪಸ, ಅದಕ್ಕೂ ಇಲ್ಲ. ಇದ್ದಬದ್ದ ಕುಪ್ಪಸಗಳೆಲ್ಲ ಬಾಯಿ ಬಿಟ್ಟುಕೊಂಡು ಬಿದ್ದಿದ್ದವು. ಪಿನ್ನು ಹಾಕೋಣವೆಂದರೆ ಪಿನ್ನುಗಳು ಬರ್ಲಿನ್ನಿನಲ್ಲಿ ಗಾಲಿ ತಿರುಗಿಸುತ್ತಿದ್ದವು.

"ನನ್ನ ಹುಕ್ಕುಗಳೆಲ್ಲಿ?"

ಗುರುಮಲ್ಲಪ್ಪ ಹೆಮ್ಮೆಯಿಂದಲೇ ತೋರಿಸಿದ. ಬೋಗಿಯಿಂದ ಬೋಗಿಗೆ ಎಷ್ಟು ಚೆಂದ ಕೊಂಡಿ ಕೂತಿತ್ತು! "ನೋಡು, ಎಳೆದರೂ ಬಿಚ್ಚಲ್ಲ. ಹೇಳಿ ಮಾಡಿಸಿದ ಹಾಗಿದೆ!"

"ಡಬ್ಬಿಗಳ ಮಾನ ಕಾಪಾಡಿದಿರಿ. ಹೆಂಡತಿದು?"

"ಬೇರೆ ಹುಕ್ಕು ತಂದುಕೊಟ್ಟರಾಯಿತಪ್ಪ. ಹೇಗಿದ್ದರೂ ನೀನು ಎಲ್ಲಿಗೂ ಹೋಗ್ತಾ ಇಲ್ಲವಲ್ಲ!"

ಪುಟ್ಟಗೌರಮ್ಮ ಕಿರುಚಲಿಲ್ಲ. ಅಳಲಿಲ್ಲ. ಸೊಂಟಕ್ಕೆ ಸಿಕ್ಕಿಸಿದ್ದ ಸೆರಗನ್ನು ನಿಧಾನವಾಗಿ ಬಿಚ್ಚಿ, ಹೆಗಲ ಮೇಲೆ ಹೊದ್ದು, ಹೋಗಿ ಜಗಲಿಯ ಮೇಲೆ ಕೂತಳು.

"ನಾನು ಮುಷ್ಕರ," ಎಂದಳು.

"ಏನದು?"

"ಗದ್ದೆಯಲ್ಲಿ ಕೆಂಪಿಯವರು ಮಾಡಿದ್ದು. ನನ್ನ ಡಬ್ಬಿ ವಾಪಸ್ಸು ಬರಬೇಕು, ಹುಕ್ಕು ವಾಪಸ್ಸು ಬರಬೇಕು, ನಾನು ರೈಲು ಹತ್ತಬೇಕು. ಅಲ್ಲೀವರೆಗೆ ಒಲೆ ನಿಮ್ಮದು, ಬಾವಿ ನಿಮ್ಮದು, ಪೊರಕೆ ನಿಮ್ಮದು."

"ಅಡುಗೆಮನೆಯಲ್ಲಿ ಮುಷ್ಕರ ಅನ್ನೋದು ಎಲ್ಲಾದರೂ ಉಂಟೇನೆ?"

"ಉಂಟು. ಕಾಟ್ಟಿಕುಳದಲ್ಲಿ. ನಿಮ್ಮ ಮನೆಯಲ್ಲೇ."

ಗುರುಮಲ್ಲಪ್ಪ ನಕ್ಕುಬಿಟ್ಟ. ಅಡುಗೆ ಎಂದರೇನು ಬ್ರಹ್ಮವಿದ್ಯೆಯೆ? ಸಾರೆಂದರೆ ಬಿಸಿನೀರು, ಅದಕ್ಕೊಂದು ಕೆಂಪು ಪುಡಿ! ಇಪ್ಪತ್ತು ವರ್ಷ ಉಂಡವನಿಗೆ ಗೊತ್ತಿರುವುದಿಲ್ಲವೆ?

ಮೊದಲ ದಿನ ಇದ್ದ ಮುದ್ದೆ ತಿಂದ. ಎರಡನೇ ದಿನ ಬಾಳೆಹಣ್ಣಿನಲ್ಲಿ ಕಳೆದ. ಜಗಲಿಯ ಮೇಲೆ ಪುಟ್ಟಗೌರಮ್ಮನ ಪಾಡೂ ಸುಖದ್ದಾಗಿರಲಿಲ್ಲ. ಊಟಕ್ಕೆ ಕೆಂಪಿ ಗಂಜಿ ತಂದುಕೊಡುತ್ತಿದ್ದಳು, ಅದು ಸರಿ, ಆದರೆ ಕೈ? ಸುಮ್ಮನೆ ಕೂರುವುದು ಹೇಗೆಂದು ಆ ಕೈಗಳಿಗೆ ಯಾರೂ ಕಲಿಸಿರಲಿಲ್ಲ. ಅವು ತಮ್ಮಷ್ಟಕ್ಕೆ ಅಕ್ಕಿ ಆರಿಸುವಂತೆ ಸೀರೆಯ ಮಡಿಲಲ್ಲಿ ಓಡಾಡುತ್ತಿದ್ದವು. ಅವನ್ನು ತೊಡೆಯ ಕೆಳಗೆ ಹಾಕಿಕೊಂಡು ಕೂತು, ಮೈಸೂರಿನ ಬಸ್ಸು ಮನೆಯ ಮುಂದೆ ಹಾದು ಹೋಗುವುದನ್ನು ನೋಡುತ್ತಿದ್ದಳು. ತೊಟ್ಟಿಲ ದಿನ ಹತ್ತಿರ ಬರುತ್ತಿತ್ತು.

ಮೂರನೇ ದಿನ ಗುರುಮಲ್ಲಪ್ಪ ಎರಡು ಮಹಾಕಾರ್ಯಗಳನ್ನು ಒಟ್ಟಿಗೆ ಕೈಗೆತ್ತಿಕೊಂಡ: ಅಡುಗೆ ಮತ್ತು ಬಣ್ಣ. ಅಂಗಡಿಯ ಬಣ್ಣ ಸಿಗದಿದ್ದರೇನಂತೆ, ಮನೆಯಲ್ಲೇ ಕೆಮ್ಮಣ್ಣಿದೆಯಲ್ಲ! ಪೊಟ್ಟಣಗಳನ್ನು ಬಿಚ್ಚಿದ. ಹಳದಿಯದು ಒಂದೇ, ಅದು ಅರಿಶಿನ. ಅಪ್ಪಟ ಕೆಂಪಗಿದ್ದವು ಎರಡು. ಒಂದನ್ನು ಮೂಸಿದ: ಏನೂ ಇಲ್ಲ. ಇನ್ನೊಂದನ್ನು ಮೂಸಿದ: ಏನೂ ಇಲ್ಲ. ತಲೆಯಲ್ಲಿದ್ದದ್ದನ್ನು ನೆನಪಿಸಿಕೊಂಡ. ನುಣ್ಣಗಿರುವುದು ಸಾರಿಗೆ, ಸ್ವಲ್ಪ ತರಿಯಾಗಿರುವುದು ಮಣ್ಣು. ಮಣ್ಣು ನುಣ್ಣಗಿರಲು ಸಾಧ್ಯವೆ? ತರ್ಕವೆಂದರೆ ತರ್ಕ!

ಬೋಗಿಗಳ ಮೇಲರ್ಧಕ್ಕೆ ಗೋಂದು ಸವರಿ ಅರಿಶಿನ ಉದುರಿಸಿದ. ಕೆಳಗರ್ಧಕ್ಕೆ ತರಿಪುಡಿ ಉದುರಿಸಿದ. ಅಬ್ಬಾ, ಏನು ಬಣ್ಣ! ಚಿತ್ರದಿಂದ ಎದ್ದುಬಂದ ಹಾಗೆ! ಉಳಿದ ಪುಡಿಯನ್ನು ಕಂಬಿಯ ಎರಡೂ ಪಕ್ಕ ಬರ್ಲಿನ್ನಿನ ನೆಲವೆಂದು ದಪ್ಪಗೆ ಹರಡಿದ. ಕಣ್ಣು ಧಾರಾಕಾರ ಸುರಿಯಿತು. ಕಲೆ ಕೈಗೂಡಿದಾಗ ಕಣ್ಣೀರು ಬರುವುದು ಸಹಜವೆಂದುಕೊಂಡ. ಒಲೆಯ ಮೇಲೆ ನುಣ್ಣನೆಯ ಪುಡಿಯ ಸಾರು ಕೊತಕೊತ ಕುದಿಯುತ್ತಿತ್ತು. ಮನೆಯಲ್ಲಿದ್ದ ಕೊನೆಯ ಬಿಂದಿಗೆ ನೀರು ಅದಕ್ಕೇ ಮುಗಿದಿತ್ತು.

ಜೀಪು ಬಂದು ನಿಂತದ್ದು ಆಗಲೇ.

ಕ್ಯಾಂಪಿನ ಇನ್ಸ್‌ಪೆಕ್ಟರ್ ವೇಲಾಯುಧನ್ ಹಿಂದೆ ಕಾಸರಗೋಡಿನಲ್ಲಿದ್ದವನು. ಮುರುಕು ಕನ್ನಡ ಬರುತ್ತಿತ್ತು. ಹಿಂದೆ ನಾಲ್ವರು ಕಾನ್‌ಸ್ಟೇಬಲ್‌ಗಳು, ಎಲ್ಲರ ಕೈಯಲ್ಲೂ ಬಂದೂಕು.

"ಗುರುಮಲ್ಲಪ್ಪನ ಮನೆ ಇದಾ?"

"ಇದೇ. ಒಳಗಿದ್ದಾರೆ," ಎಂದಳು ಪುಟ್ಟಗೌರಮ್ಮ, ಕೂತಲ್ಲಿಂದ ಏಳದೆ.

"ಒಳಗೆ ಏನು ಮಾಡ್ತಾನೆ?"

"ನಂಗೆ ಗೊತ್ತಿಲ್ಲ ಸಾರ್. ನಾನು ಮುಷ್ಕರದಲ್ಲಿದ್ದೀನಿ."

ಇನ್ಸ್‌ಪೆಕ್ಟರ್ ಬೆಚ್ಚಿಬಿದ್ದ. ಮುಷ್ಕರ ಮನೆಯೊಳಗೂ ಬಂದಿದೆ ಎಂದರೆ ಸಂಘಟನೆ ಬಹಳ ಬಲವಾಗಿಯೇ ಇರಬೇಕು! ಅದೇ ಹೊತ್ತಿಗೆ ಒಳಗಿನಿಂದ ಕೇಳಿಸಿತು: ಕಿರ್ರ್… ಟಕ ಟಕ ಟಕ!

"ಬಾಂಬ್!" ಎಂದ ಒಬ್ಬ ಕಾನ್‌ಸ್ಟೇಬಲ್. ನಾಲ್ವರೂ ಮೆಣಸಿನ ಬಳ್ಳಿಗಳ ಬುಡದಲ್ಲಿ ಮಲಗಿಬಿಟ್ಟರು. ಎದುರಿನ ಚಹಾದಂಗಡಿ ಕಣ್ಣು ಮುಚ್ಚಿ ತೆರೆಯುವುದರೊಳಗೆ ಖಾಲಿಯಾಯಿತು. ಇನ್ಸ್‌ಪೆಕ್ಟರಿಗೂ ಮಲಗುವ ಆಸೆ ಇತ್ತು. ಆದರೆ ಜಗಲಿಯ ಮೇಲೆ ಒಬ್ಬ ಹೆಂಗಸು, ಕಂಬದ ಬಳಿ ಪೊರಕೆ ಹಿಡಿದ ಇನ್ನೊಬ್ಬಳು, ಇಬ್ಬರೂ ಅಲುಗಾಡದೆ ಅವನನ್ನೇ ನೋಡುತ್ತಿದ್ದರು. ಮೀಸೆಯ ಮರ್ಯಾದೆಗಾಗಿ ಒಳಗೆ ನುಗ್ಗಿದ.

ಗುರುಮಲ್ಲಪ್ಪ ನೆಲದ ಮೇಲೆ ಮಂಡಿಯೂರಿದ್ದ. ಕೈ ಮೊಣಕೈವರೆಗೆ ಕೆಂಪು, ಕಣ್ಣು ಅದಕ್ಕಿಂತ ಕೆಂಪು.

"ಕೈ ಮೇಲೆ! ಎಂದಾಡೋ, ಏನಿದು?"

"ರೈಲು ಸಾರ್! ಬರ್ಲಿನ್ ಲೋಕಲ್!" ಎಂದ ಗುರುಮಲ್ಲಪ್ಪ, ಕೈ ಮೇಲೆತ್ತಿಯೇ. ಇಷ್ಟು ದಿನದ ಮೇಲೆ ಒಬ್ಬ ನೋಡುಗ ಸಿಕ್ಕಿದ ಖುಷಿಯಲ್ಲಿ ಅವನಿಗೆ ಬಂದೂಕು ಕಾಣಿಸಲೇ ಇಲ್ಲ. "ಸರಿಯಾದ ಹೊತ್ತಿಗೆ ಬಂದಿರಿ. ತಾವೇ ಉದ್ಘಾಟನೆ ಮಾಡಬೇಕು!"

ಇನ್ಸ್‌ಪೆಕ್ಟರ್ ಕೆಂಪು ಹಳದಿ ಬೋಗಿಗಳನ್ನು ನೋಡಿದ. ಕಡಲೆಕಾಯಿ ಮಹನೀಯರನ್ನು ನೋಡಿದ. ಎಂಥ ಇನ್ಸ್‌ಪೆಕ್ಟರಿನೊಳಗೂ ರೈಲು ಕಂಡರೆ ಬಾಯಿ ಬಿಡುವ ಒಬ್ಬ ಗಂಡಸು ಇದ್ದೇ ಇರುತ್ತಾನೆ. ಬಂದೂಕು ಗೋಡೆಗೆ ಒರಗಿಸಿ, ಅವನೂ ಮಂಡಿಯೂರಿದ.

"ಓಡ್ತದಾ?"

"ಓಡ್ತದಾ ಅಂದ್ರೆ! ಇಲ್ಲಿ ಬಗ್ಗಿ ನೋಡಿ ಸಾರ್, ನೆಲಕ್ಕೆ ಕಣ್ಣು ಹಚ್ಚಿ. ಹಾಗೆ ನೋಡಿದರೇ ನಿಜವಾದ ರೈಲಿನ ಹಾಗೆ ಕಾಣೋದು!"

ವೇಲಾಯುಧನ್ ಕೆನ್ನೆಯನ್ನು ನೆಲಕ್ಕೆ ತಾಗಿಸಿದ. ಬಾಂಬು ಸಿಡಿಯಲಿಲ್ಲವೆಂದು ಧೈರ್ಯ ತಂದುಕೊಂಡು ಒಳಬಂದ ಕಾನ್‌ಸ್ಟೇಬಲ್‌ಗಳೂ ಸುತ್ತ ಬಗ್ಗಿದರು. ಗುರುಮಲ್ಲಪ್ಪ ಕೀಲಿಯನ್ನು ಕೊನೆಯ ಸುತ್ತಿನವರೆಗೂ ತಿರುಗಿಸಿದ, ತಿರುಗಿಸಬಾರದ ಇನ್ನೊಂದು ಸುತ್ತನ್ನೂ ತಿರುಗಿಸಿದ, ಕೈ ಬಿಟ್ಟ.

ಬರ್ಲಿನ್ ಲೋಕಲ್ ಹೊರಟಿತು! ಹೊರಟದ್ದೇನು, ಹಾರಿತು! ಕೊಯ್ದ ರೀಲಿನ ಗಾಲಿಗಳು ಗಡಗಡ ನಡುಗಿದವು, ಬೋಗಿಗಳು ತಾಳ ಹಾಕಿದವು, ಹುಕ್ಕುಗಳು ಮಾತ್ರ ಪುಟ್ಟಗೌರಮ್ಮನ ಹೊಲಿಗೆಯಷ್ಟೇ ಗಟ್ಟಿಯಾಗಿ ನಿಂತವು. ಹಸಿ ಗೋಂದಿನಿಂದ ಪುಡಿ ಕಳಚಿತು. ಗಾಲಿಯ ಗಾಳಿಗೆ ಬರ್ಲಿನ್ನಿನ ನೆಲವೇ ಎದ್ದಿತು. ಕೋಣೆಯ ತುಂಬ ಕೆಂಪು ಮೋಡ!

ಮೊದಲ ಸೀನು ಇನ್ಸ್‌ಪೆಕ್ಟರಿನದು. ಅದರ ರಭಸಕ್ಕೆ ಇನ್ನಷ್ಟು ನೆಲ ಎದ್ದಿತು. ಆಮೇಲೆ ಯಾರ ಸೀನು ಯಾರದೆಂದು ಹೇಳುವ ಹಾಗಿರಲಿಲ್ಲ. ನಾಲ್ವರೂ ಕೆಮ್ಮುತ್ತ, ಸೀನುತ್ತ, ಒಬ್ಬರ ಮೇಲೊಬ್ಬರು ಬಿದ್ದು, ಬಾಗಿಲೆಂದು ಬೀರುವನ್ನು ತಳ್ಳಿದರು. ಅರಸೀಕೆರೆಯ ಒಣಮೆಣಸಿನಕಾಯಿ! ತಂಗಿಯೇ ಕಳಿಸಿದ್ದು, ಪುಟ್ಟಗೌರಮ್ಮನೇ ಕುಟ್ಟಿದ್ದು. ಅರ್ಧ ಚಮಚಕ್ಕೆ ಒಂದು ಕುಟುಂಬವನ್ನು ಅಳಿಸುವಂಥದ್ದು.

"ವೆಳ್ಳಂ! ನೀರು! ನೀರು!" ಎಂದು ಕೂಗುತ್ತ ಇನ್ಸ್‌ಪೆಕ್ಟರ್ ಅಡುಗೆಮನೆಗೆ ಓಡಿದ. ಬಿಂದಿಗೆ ಎತ್ತಿದ, ಖಾಲಿ. ಕೊಡ ಬಗ್ಗಿಸಿದ, ಖಾಲಿ. ಹಂಡೆಯೊಳಗೆ ತಲೆ ಹಾಕಿದ. ಅಲ್ಲೂ ಇಲ್ಲ, ಅವನ ಕೂಗೇ ಗುಂಯ್ ಎಂದು ವಾಪಸ್ಸು ಬಂತು. ಮೂರು ದಿನದಿಂದ ಬಾವಿಯಿಂದ ಯಾರು ಸೇದಿದ್ದರು? ಇಷ್ಟು ವರ್ಷ ಆ ಹಂಡೆ ತಾನಾಗಿ ತುಂಬುತ್ತದೆಂದೇ ಗುರುಮಲ್ಲಪ್ಪ ನಂಬಿದ್ದ!

ಕಾನ್‌ಸ್ಟೇಬಲ್‌ಗಳು ಬಾವಿಗೆ ಬಿದ್ದಷ್ಟು ಬೇಗ ಬಾವಿಯ ಬಳಿ ಓಡಿ, ನೀರು ಸೇದಿ, ಕಣ್ಣಿಗೆ ಎರಚಿಕೊಂಡು ಅದೇ ಕೈಯಲ್ಲಿ ಉಜ್ಜಿಕೊಂಡರು. ಉಜ್ಜಿದಷ್ಟೂ ಉರಿ ಏರಿತು.

"ಬೆಣ್ಣೆ ಹಚ್ಚಬೇಕು," ಎಂದಳು ಪುಟ್ಟಗೌರಮ್ಮ ಜಗಲಿಯಿಂದಲೇ.

"ಬೆಣ್ಣೆ ಎಲ್ಲಿ? ಎಡೋ, ಬೆಣ್ಣೆ ಎಲ್ಲಿ?" ಎಂದು ಇನ್ಸ್‌ಪೆಕ್ಟರ್ ಗುರುಮಲ್ಲಪ್ಪನ ರಟ್ಟೆ ಹಿಡಿದು ಅಲ್ಲಾಡಿಸಿದ.

ಗುರುಮಲ್ಲಪ್ಪ ಒಲೆಯ ಹಿಂದೆ ನೋಡಿದ. ಒರಳಿನೊಳಗೆ ನೋಡಿದ. ಅಕ್ಕಿಯ ಮಡಕೆಗೆ ಕೈ ಹಾಕಿದ. "ಗೌರೀ… ಬೆಣ್ಣೆ ಎಲ್ಲಿಡ್ತೀಯೇ?"

"ಮುಷ್ಕರದಲ್ಲಿರೋರನ್ನ ಕೆಲಸದ ವಿಷಯ ಕೇಳಬಾರದು."

"ಅಮ್ಮಾ!" ಎಂದ ಇನ್ಸ್‌ಪೆಕ್ಟರ್, ಕಂಬ ತಡವಿಕೊಂಡು ಜಗಲಿಗೆ ಬಂದು. ಮೂಗು, ಕಣ್ಣು, ಮೀಸೆ ಎಲ್ಲ ಒಂದೇ ಹೊಳೆಯಾಗಿತ್ತು. "ಮುಷ್ಕರ ಯಾಕೆ? ನಿಮ್ಮ ಬೇಡಿಕೆ ಏನು?"

ಇಪ್ಪತ್ತು ವರ್ಷದಲ್ಲಿ ಈ ಪ್ರಶ್ನೆಯನ್ನು ಅವಳಿಗೆ ಮೊದಲು ಕೇಳಿದವನು ಒಬ್ಬ ಪೊಲೀಸು! ಪುಟ್ಟಗೌರಮ್ಮ ಗಂಟಲು ಸರಿ ಮಾಡಿಕೊಂಡಳು.

"ನನ್ನ ಡಬ್ಬಿಗಳು. ನನ್ನ ಹುಕ್ಕುಗಳು. ನಾಳೆ ಬೆಳಿಗ್ಗೆ ಮೈಸೂರು ಬಸ್ಸು, ಅಲ್ಲಿಂದ ರೈಲು, ನಾನು ಅರಸೀಕೆರೆಗೆ ಹೋಗಬೇಕು. ಬಾವಲಿ ಚೆಕ್‌ಪೋಸ್ಟಿನಲ್ಲಿ ಯಾರೂ ತಡೀಬಾರದು."

"ಸಮ್ಮದಿಕ್ಕೆಡೋ!" ಎಂದು ಇನ್ಸ್‌ಪೆಕ್ಟರ್ ಒಳಗಿನತ್ತ ಗರ್ಜಿಸಿದ. "ಒಪ್ಪಿಕೊಳ್ಳೋ! ವೇಗಂ!"

"ಅಲ್ಲ ಸಾರ್, ಅವಳು ಹೋದ್ರೆ ಅಡುಗೆ…"

"ಒಪ್ಪದಿದ್ರೆ ನಿನ್ನ ಈ ನಿಮಿಷ ಒಳಗೆ ಹಾಕ್ತೇನೆ! ಪೊಲೀಸಿನ ಮೇಲೆ ಮೆಣಸಿನಪುಡಿ ಎರಚಿದ ಕೇಸು!"

"ಒ… ಒಪ್ಪಿದೆ."

"ಎಲ್ಲರ ಎದುರು ಹೇಳಿ," ಎಂದಳು ಪುಟ್ಟಗೌರಮ್ಮ. "ಹೆಣ್ಣು ನೋಡೋಕೆ ಬಂದಾಗಲೂ ಒಪ್ಪಿದ್ರಿ."

ಪೊಲೀಸರು, ಕೆಂಪಿ, ಒಬ್ಬೊಬ್ಬರಾಗಿ ವಾಪಸ್ಸು ಬಂದು ಸೇರಿದ್ದ ಚಹಾದಂಗಡಿಯವರು, ಎಲ್ಲರೆದುರು ಗುರುಮಲ್ಲಪ್ಪ ಹೇಳಿದ. ಪುಟ್ಟಗೌರಮ್ಮ ಎದ್ದು ಅಡುಗೆಮನೆಗೆ ಹೋಗಿ, ಗಂಡ ಹುಡುಕುತ್ತ ನಿಂತಿದ್ದ ಜಾಗದಲ್ಲೇ, ಅವನ ತಲೆಯ ಮೇಲೆ ಒಂದು ಗೇಣು ಎತ್ತರದಲ್ಲಿ, ಮದುವೆಯಾದಾಗಿನಿಂದ ಅಲ್ಲೇ ತೂಗುತ್ತಿದ್ದ ನೆಲುವಿನಿಂದ ಬೆಣ್ಣೆಯ ಗಡಿಗೆ ಇಳಿಸಿದಳು.

ಉರಿ ಇಳಿದ ಮೇಲೆ ಇನ್ಸ್‌ಪೆಕ್ಟರಿಗೆ ಹಸಿವಾಯಿತು. ಕ್ಯಾಂಪಿನ ಊಟದಲ್ಲಿ ಬೇಸತ್ತಿದ್ದವನು, "ಸಾರು ಕುದಿಯೋ ಸದ್ದು ಕೇಳ್ತಲ್ಲ" ಎಂದ. ಗುರುಮಲ್ಲಪ್ಪ ತಾನೇ ಮಾಡಿದ್ದೆಂದು ಎದೆಯುಬ್ಬಿಸಿ, ಗಂಟುಗಂಟಾದ ಅನ್ನದ ಮೇಲೆ ತಾನೇ ಬಡಿಸಿದ.

ಇನ್ಸ್‌ಪೆಕ್ಟರ್ ಹೆದರುತ್ತಲೇ ಒಂದು ತುತ್ತು ಬಾಯಿಗಿಟ್ಟ. ಕಣ್ಣರಳಿತು.

"ನಲ್ಲ ಸಾರು! ಎರಿವೇ ಇಲ್ಲ! ಸ್ವಲ್ಪವೂ ಖಾರ ಇಲ್ಲ! ಒಂಥರಾ… ಮೊದಲ ಮಳೆ ಬಿದ್ದಾಗ ಬರುವ ಪರಿಮಳ!"

ಪುಟ್ಟಗೌರಮ್ಮ ಸಾರಿನ ಪಾತ್ರೆಯೊಳಗೆ ನೋಡಿದಳು. ತಳದಲ್ಲಿ ಬೆರಳು ದಪ್ಪ ಗಸಿ. ಹಿತ್ತಲಿನ ತುಳಸಿಕಟ್ಟೆಯತ್ತ ನೋಡಿದಳು. ಒಂದೇ ಬಣ್ಣ! ಗುರುಮಲ್ಲಪ್ಪನೂ ನೋಡಿದ. ತರ್ಕವೆಲ್ಲ ಒಂದೇ ಏಟಿಗೆ ಹೊಟ್ಟೆಗಿಳಿಯಿತು.

"ಇನ್ನೊಂದು ಸೌಟು ಹಾಕ್ಲಾ ಸಾರ್?" ಎಂದಳು ಪುಟ್ಟಗೌರಮ್ಮ, ಬಹಳ ನಯವಾಗಿ. ಬಡಿಸಿ ಬರುವಾಗ ಗಂಡನ ಕಿವಿಯಲ್ಲಿ ಅಂದಳು: "ನಾಳೆ ಮಾತು ತಪ್ಪಿದ್ರೆ, ಅವರು ಉಂಡದ್ದು ಏನು ಅಂತ ನಾನೇ ಕ್ಯಾಂಪಿಗೆ ಹೋಗಿ ಹೇಳಿ ಬರ್ತೀನಿ."

ಮರುದಿನ ಮೈಸೂರಿನ ಬಸ್ಸನ್ನು ಇನ್ಸ್‌ಪೆಕ್ಟರೇ ಕೈ ಅಡ್ಡ ಹಾಕಿ ನಿಲ್ಲಿಸಿದ. ಪುಟ್ಟಗೌರಮ್ಮನ ರೇಷ್ಮೆ ಕುಪ್ಪಸಕ್ಕೆ ಬರ್ಲಿನ್ನಿನಿಂದ ಬಿಡಿಸಿ ತಂದ ಹುಕ್ಕುಗಳು ಬಿದ್ದಿದ್ದವು. ಹಿಂದೆಯೇ ಒಂದು ಪುಟ್ಟ ಗಂಟು ಹಿಡಿದು ಕೆಂಪಿ ಹತ್ತಿದಳು.

"ನೀನೆಲ್ಲಿಗೆ?" ಎಂದ ಗುರುಮಲ್ಲಪ್ಪ. ಇವಳಿಂದಾದರೂ ಗಂಜಿ ಸಿಗಬಹುದೆಂಬುದು ಅವನ ಕೊನೆಯ ಆಸೆಯಾಗಿತ್ತು.

"ರೈಲು ನೋಡಾಕೆ, ಮೊದಲಾಳಿ. ಈ ವರ್ಷ ನನ್ನ ಯಾರೂ ಕಟ್ಟಾಕಿಲ್ಲವಲ್ಲ!"

ಬಸ್ಸು ಹೊರಟಿತು. ಗುರುಮಲ್ಲಪ್ಪ ಪಂಚೆ ಎತ್ತಿಕಟ್ಟಿ ಪಕ್ಕದಲ್ಲೇ ಓಡಿದ. "ಗೌರೀ! ಉಳಿದ ಪೊಟ್ಟಣದಲ್ಲಿ ಸಾರಿನಪುಡಿ ಯಾವುದೇ? ಕಾಫಿಪುಡಿ ಯಾವುದೇ?"

ಕಿಟಕಿಯಿಂದ ಪುಟ್ಟಗೌರಮ್ಮನ ಮುಖ ಹೊರಬಂತು. ಗಾಳಿಗೆ ಕೂದಲು ಕೆದರಿತ್ತು. ಅವಳು ಅಷ್ಟು ಜೋರಾಗಿ ನಕ್ಕದ್ದನ್ನು ಅವನು ಕೇಳಿಯೇ ಇರಲಿಲ್ಲ.

"ಬರ್ಲಿನ್ನಿನವರನ್ನ ಕೇಳಿ! ಮುಂದುವರಿದ ಜನ!"

ಅವರಿಬ್ಬರೂ ವಾಪಸ್ಸು ಬಂದದ್ದು ವಾರ ಕಳೆದ ಮೇಲೆ. ಕೆಂಪಿ ಅಂಗಳದಿಂದಲೇ ಕೂಗಿದಳು: "ಮೊದಲಾಳಿ, ರೈಲು ಬಾಳ ದೊಡ್ಡದು! ನಿಮ್ಮದು ಅದರ ಮರಿ ಇರಬೇಕು!" ಪುಟ್ಟಗೌರಮ್ಮ ಟ್ರಂಕು ಇಳಿಸಿ, ತನ್ನ ಡಬ್ಬಿಗಳನ್ನು ಕೇಳೋಣವೆಂದು ಹಿಂದಿನ ಕೋಣೆಗೆ ಹೋದಳು. ಕಂಬಿಯ ಮೇಲೆ ಆರು ಬೋಗಿಗಳು ನಿಂತಿದ್ದವು. ಎರಡನೇ ದರ್ಜೆ ಖಾಲಿ. ಮೂರನೇ ದರ್ಜೆ ಖಾಲಿ. ಬೀಡಿ ಸೇದುವವರೂ ಇಲ್ಲ, ಸೇದದವರೂ ಇಲ್ಲ. ನೆಲದ ಮೇಲೆ ಸಿಪ್ಪೆಗಳ ಸಣ್ಣ ಗುಡ್ಡ. ಒಂದೊಂದು ಸಿಪ್ಪೆಯ ಮೇಲೂ ಶಾಯಿಯ ಟೋಪಿ, ಮೀಸೆ.

ಮೂಲೆಯಲ್ಲಿ ಗುರುಮಲ್ಲಪ್ಪ ಇಳಿದ ಕೆನ್ನೆ ಹೊತ್ತು ಕೂತಿದ್ದ.

"ಬರ್ಲಿನ್ನಿನವರೆಲ್ಲ ಎಲ್ಲಿ?" ಎಂದಳು ಪುಟ್ಟಗೌರಮ್ಮ.

ಅವನು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡ.

ಪುಟ್ಟಗೌರಮ್ಮ ಒಂದು ಸಿಪ್ಪೆಯನ್ನೆತ್ತಿ, ಅದರ ಮೀಸೆಯನ್ನು ಬೆಳಕಿಗೆ ಹಿಡಿದು ನೋಡಿದಳು.

"ಪಾಪ," ಎಂದಳು. "ಅಡುಗೆ ಮಾಡೋರು ಊರಲ್ಲಿಲ್ದೇ ಇದ್ರೆ ಏನಾಗುತ್ತೆ ಅಂತ ಅಂತೂ ಅವರಿಗೂ ಗೊತ್ತಾಯ್ತು."